ಎಣಿಸುವ ಗಡಿಯಾರ, ಹೇರಿದ ಪಂಚಾಂಗ

ಎಸ್‌ಟಿಎಂ32 ಎಫ್1 ವರ್ಗದ ಮೈಕ್ರೋಕಂಟ್ರೋಲರುಗಳಲ್ಲಿ ಅಡಕವಾಗಿರುವ ರಿಯಲ್ ಟೈಮ್ ಕ್ಲಾಕಿನ ವಿಷಯವಾಗಿ ಎರಡು ಅಭಿಪ್ರಾಯಗಳು ಬಹುಕಾಲದಿಂದ ಜೊತೆಜೊತೆಯಾಗಿ ನಡೆದುಬಂದಿವೆ. ಆ ಗಡಿಯಾರವು ಅಪಕ್ವವಾದುದು, ತಿಂಗಳು ತಾರೀಖುಗಳ ಗಂಧವೇ ಇಲ್ಲದ ಬರಿಯ ಸೆಕೆಂಡುಗಳ ಎಣಿಕೆ ಎಂಬುದು ಮೊದಲನೆಯದು. ಆ ಕೊರತೆಯನ್ನು ತಯಾರಕರಾದ ಎಸ್‌ಟಿ ಮೈಕ್ರೋಎಲೆಕ್ಟ್ರಾನಿಕ್ಸ್‌ನವರೇ ಕೊಟ್ಟಿರುವ ಹ್ಯಾಲ್ ಎಂಬ ಲೈಬ್ರರಿಯು ತುಂಬಿಕೊಟ್ಟಿದೆ, ಆದುದರಿಂದ ಪ್ರೋಗ್ರಾಮು ಬರೆಯುವವನು ಗಂಟೆ ಬೇಕಾದಾಗ ಗಂಟೆಯನ್ನೂ ತಾರೀಖು ಬೇಕಾದಾಗ ತಾರೀಖನ್ನೂ ಕೇಳಿ ಪಡೆದು ನಿಶ್ಚಿಂತನಾಗಿರಬಹುದು ಎಂಬುದು ಎರಡನೆಯದು. ಕಾಲೇಜುಗಳ ಪ್ರಯೋಗಶಾಲೆಗಳಲ್ಲಿಯೂ, ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬ್ಲೂ ಪಿಲ್ ಬೋರ್ಡನ್ನು ಕೊಂಡು ತಂದು ಮನೆಯಲ್ಲಿ ಕಲಿಯುವ ತರುಣರಲ್ಲಿಯೂ ಇವೆರಡೂ ವಾದಕ್ಕೆ ಎಡೆಯಿಲ್ಲದ ಸತ್ಯಗಳೆಂಬಂತೆ ಪ್ರಚಲಿತವಾಗಿವೆ. ನನಗೆ ತೋರುವ ಮಟ್ಟಿಗೆ ಇವು ಪರಸ್ಪರ ಅದಲುಬದಲಾಗಬೇಕಾದ ತೀರ್ಪುಗಳು. ಪಕ್ವತೆ ಇರುವುದು ಆ ಎಣಿಕೆಯಲ್ಲಿ. ಅಪಕ್ವತೆ ಇರುವುದು ಅದರ ಮೇಲೆ ಹೇರಿರುವ ಪಂಚಾಂಗದಲ್ಲಿ.

ಗಡಿಯಾರದ ರಚನೆಯನ್ನು ವಿಸ್ತರಿಸಿ ಹೇಳಬೇಕಾದ ಅಗತ್ಯ ಈ ಲೇಖನವನ್ನು ಓದತಕ್ಕವರಿಗೆ ಇರಲಾರದು. ಸೆಕೆಂಡಿಗೆ 32,768 ಸಲ ಕಂಪಿಸುವ ಸ್ಫಟಿಕ, ಆ ಕಂಪನಗಳನ್ನು ಭಾಗಿಸಿ ಸೆಕೆಂಡಿಗೊಂದು ಮಿಡಿತವನ್ನು ಮಾಡುವ ಪ್ರಿಸ್ಕೇಲರು, ಮುಖ್ಯ ವಿದ್ಯುತ್ತು ಹೋದಾಗಲೂ ಇವನ್ನು ನಡೆಸತಕ್ಕ ಬಟನ್ ಸೆಲ್ಲು, ಇವು ಎಲ್ಲೆಲ್ಲಿಯೂ ಉಂಟು. ಎಫ್1ರ ವೈಶಿಷ್ಟ್ಯ ಇದರ ಮುಂದಿನದು. ಅಲ್ಲಿ 32 ಬಿಟ್‌ಗಳ ಒಂದು ಕೌಂಟರು ಇದೆ. ಅದು ಪ್ರತಿ ಮಿಡಿತಕ್ಕೂ ಒಂದನ್ನು ಕೂಡಿಸಿಕೊಳ್ಳುತ್ತದೆ, ಮತ್ತೇನನ್ನೂ ಮಾಡುವುದಿಲ್ಲ. ಅದು ತುಂಬಿ ಮರಳಿ ಸೊನ್ನೆಗೆ ಬರಬೇಕಾದರೆ ಸುಮಾರು 136 ವರ್ಷಗಳು ಸಲ್ಲಬೇಕು. 2000ನೆಯ ಇಸವಿಯ ಆರಂಭವನ್ನು ಸೊನ್ನೆಯೆಂದು ಭಾವಿಸಿದರೆ 2136ರವರೆಗೆ ಯಾರೂ ಅದನ್ನು ಮುಟ್ಟಬೇಕಾದುದಿಲ್ಲ. ಒಂದು ಯಂತ್ರಭಾಗವು ತನ್ನ ಕೆಲಸವೇನೆಂಬುದನ್ನು ಇಷ್ಟು ಸ್ಪಷ್ಟವಾಗಿ ತಿಳಿದು, ಅದರ ಎಲ್ಲೆಯನ್ನು ಮೀರದೆ ಇರುವುದು ಅಪರೂಪ.

ಆದರೆ ಈ 32 ಬಿಟ್‌ಗಳನ್ನು ಚಿಪ್ ಒಂದೇ ಸಲಕ್ಕೆ ಕೊಡುವುದಿಲ್ಲ. ಸಿಎನ್‌ಟಿಎಚ್ ಎಂಬ ರಿಜಿಸ್ಟರಿನಲ್ಲಿ ಮೇಲಿನ 16 ಬಿಟ್‌ಗಳೂ ಸಿಎನ್‌ಟಿಎಲ್ ಎಂಬುದರಲ್ಲಿ ಕೆಳಗಿನ 16 ಬಿಟ್‌ಗಳೂ ಇವೆ. ಓದುವವನು ಒಂದಾದ ಮೇಲೊಂದನ್ನು ಓದಬೇಕು, ಆ ಎರಡು ಓದುಗಳ ನಡುವೆ ಗಡಿಯಾರವು ಅವನಿಗಾಗಿ ಕಾಯುತ್ತ ನಿಲ್ಲುವುದಿಲ್ಲ. ಮೇಲಿನ ಅರ್ಧದಲ್ಲಿ 7, ಕೆಳಗಿನ ಅರ್ಧದಲ್ಲಿ 65,535 ಇರುವ ಕ್ಷಣವನ್ನು ಭಾವಿಸಿರಿ. ಮುಂದಿನ ಮಿಡಿತಕ್ಕೆ ಮೇಲಿನದು 8 ಆಗುತ್ತದೆ, ಕೆಳಗಿನದು ಸೊನ್ನೆಯಾಗುತ್ತದೆ. ಮೊದಲು ಕೆಳಗಿನದನ್ನು ಓದಿ 65,535 ಎಂದು ಬರೆದಿಟ್ಟುಕೊಂಡವನು, ಮಿಡಿತ ಕಳೆದ ಮೇಲೆ ಮೇಲಿನದನ್ನು ಓದಿ 8 ಎಂದು ಸೇರಿಸಿದರೆ, ಅವನ ಕೈಗೆ ಬರುವ ಕಾಲ ನಿಜವಾದ ಕಾಲಕ್ಕಿಂತ 18 ಗಂಟೆ 12 ನಿಮಿಷಗಳಿಗೂ ಮಿಕ್ಕಿ ಮುಂದಿರುತ್ತದೆ. ಕ್ರಮವನ್ನು ತಿರುಗಿಸಿ ಮೊದಲು ಮೇಲಿನದನ್ನು ಓದಿದರೆ, 7 ಮತ್ತು ಸೊನ್ನೆ ಸೇರಿ, ಅಷ್ಟೇ ಅಂತರದಿಂದ ಕಾಲವು ಹಿಂದೆ ಬೀಳುತ್ತದೆ. ಮಧ್ಯಾಹ್ನ 2 ಗಂಟೆಗೆ ಬರೆದ ಒಂದು ದಾಖಲೆಯ ಮೇಲೆ ಮರುದಿನ ಬೆಳಗಿನ 8 ಗಂಟೆ 12 ನಿಮಿಷದ ಮುದ್ರೆ ಬೀಳುತ್ತದೆ. ಅದರ ಹಿಂದಿನ ದಾಖಲೆ ಸರಿ, ಮುಂದಿನ ದಾಖಲೆಯೂ ಸರಿ. ತಪ್ಪು ತನ್ನ ಗುರುತನ್ನು ಎಲ್ಲಿಯೂ ಬಿಡದೆ ಹೊರಟುಹೋಗುತ್ತದೆ.

ತಯಾರಕರ ಹಳೆಯ ಸ್ಟ್ಯಾಂಡರ್ಡ್ ಪೆರಿಫೆರಲ್ ಲೈಬ್ರರಿಯ ಬಹುಕಾಲ ಬಳಕೆಯಲ್ಲಿದ್ದ ಆವೃತ್ತಿಯಲ್ಲಿ ಕೌಂಟರನ್ನು ಓದುವ ಕ್ರಿಯೆ ಹೀಗೆಯೇ ಇತ್ತು: ಕೆಳಗಿನದನ್ನು ಒಂದು ತಾತ್ಕಾಲಿಕ ಸ್ಥಾನದಲ್ಲಿ ಇಟ್ಟು, ಮೇಲಿನದನ್ನು ಓದಿ, ಎರಡನ್ನೂ ಜೋಡಿಸಿ ಹಿಂದಿರುಗಿಸುವುದು. ಎರಡೇ ಸಾಲು, ನೋಡುವುದಕ್ಕೆ ಅಂದವಾಗಿದ್ದಿತು. ಹ್ಯಾಲ್ ಇದನ್ನು ತಿದ್ದಿತು, ಮತ್ತು ಆ ತಿದ್ದುಪಡಿಯನ್ನು ನಾನು ಮನಃಪೂರ್ವಕವಾಗಿ ಮೆಚ್ಚುತ್ತೇನೆ. ಅದು ಮೇಲಿನದನ್ನು ಓದುತ್ತದೆ, ಕೆಳಗಿನದನ್ನು ಓದುತ್ತದೆ, ಮೇಲಿನದನ್ನು ಮತ್ತೊಮ್ಮೆ ಓದುತ್ತದೆ. ಮೇಲಿನ ಎರಡು ಓದುಗಳೂ ಒಂದೇ ಆಗಿದ್ದರೆ ಜೋಡಿಸಿ ಕೊಡುತ್ತದೆ. ಭಿನ್ನವಾಗಿದ್ದರೆ ಎರಡನೆಯ ಸಲದ ಮೇಲಿನದನ್ನು ಅಂಗೀಕರಿಸಿ, ಕೆಳಗಿನದನ್ನು ಮಾತ್ರ ಹೊಸದಾಗಿ ಓದಿ ಅದರೊಡನೆ ಕೂಡಿಸುತ್ತದೆ.

ಈ ಹತ್ತೆಂಟು ಸಾಲುಗಳನ್ನು ಅವಸರವಿಲ್ಲದೆ ನೋಡಬೇಕು. ಎರಡು ಮೇಲಂಕಿಗಳು ಭಿನ್ನವಾದಾಗ ಲೂಪ್ ಹಾಕಿ, ಎರಡೂ ಸಮವಾಗುವವರೆಗೆ ಓದುತ್ತಲೇ ಇರಬೇಕೆಂದು ಮೊದಲ ನೋಟಕ್ಕೆ ಯಾರಿಗಾದರೂ ತೋರೀತು. ಹ್ಯಾಲ್ ಹಾಗೆ ಮಾಡುವುದಿಲ್ಲ. ಒಂದೇ ಸಲ ಮರಳಿ ಓದಿ ನಿಲ್ಲಿಸುತ್ತದೆ. ಇದು ಅಲಕ್ಷ್ಯವಲ್ಲವೆಂಬುದು ಸ್ವಲ್ಪ ಯೋಚಿಸಿದರೆ ಗೊತ್ತಾಗುತ್ತದೆ. ಮೇಲಂಕಿ ಈಗತಾನೆ ಬದಲಾಯಿತೆಂದರೆ ಕೆಳಗಿನ ಅಂಕಿ ಸೊನ್ನೆಯ ನೆರೆಯಲ್ಲಿದೆಯೆಂದು ಅರ್ಥ. ಅದು ಮತ್ತೆ ತುಂಬಿ ಹೊರಳಬೇಕಾದರೆ 65,536 ಸೆಕೆಂಡುಗಳು, ಎಂದರೆ ಮುಕ್ಕಾಲು ದಿನಕ್ಕೂ ಮಿಕ್ಕ ಕಾಲ, ಕಳೆಯಬೇಕು. ಅಷ್ಟು ದೀರ್ಘವಾದ ಅವಕಾಶದಲ್ಲಿ ಒಂದು ರಿಜಿಸ್ಟರನ್ನು ಓದುವುದು ಎಂತಹ ನಿಧಾನವಾದ ಪ್ರೊಸೆಸರಿಗೂ ಸಾಧ್ಯ. ಆದುದರಿಂದ ಎರಡನೆಯ ಓದು ತಪ್ಪಲಾರದು, ಮೂರನೆಯದಕ್ಕೆ ಕಾರಣವೇ ಇಲ್ಲ. ಲೂಪಿನಲ್ಲಿ ಎಷ್ಟು ಕಾಲ ಕಳೆದೀತೆಂಬ ಸಂದೇಹವೂ ಇಲ್ಲವಾಗಿ, ಈ ಕ್ರಿಯೆಯ ಅವಧಿ ಇಷ್ಟೇ ಎಂದು ಮೊದಲೇ ಹೇಳಬಹುದಾದ ಸ್ಥಿತಿ ಬರುತ್ತದೆ. ಒಬ್ಬರು ಬರೆಯುತ್ತಿರುವಾಗಲೇ ಇನ್ನೊಬ್ಬರು ಪರಸ್ಪರ ತಡೆಯಿಲ್ಲದೆ ಬಹು ಅಂಕಿಗಳ ಗಡಿಯಾರವನ್ನು ಓದುವುದು ಹೇಗೆಂಬ ಪ್ರಶ್ನೆಯನ್ನು ಲೆಸ್ಲಿ ಲ್ಯಾಂಪೋರ್ಟ್ 1990ರ ಒಂದು ಪ್ರಬಂಧದಲ್ಲಿ ಶಾಸ್ತ್ರೀಯವಾಗಿ ವಿವೇಚಿಸಿದ್ದಾರೆ. ಅಗ್ಗದ ಚಿಪ್ಪಿನೊಳಗಣ ಈ ಪುಟ್ಟ ಕ್ರಿಯೆಯೂ ಅದೇ ಪ್ರಶ್ನೆಗೆ ಕೊಟ್ಟ ಉತ್ತರ.

ಇಷ್ಟು ಹೇಳಿದ ಮೇಲೆ, ಈ ಉಪಾಯ ಏನನ್ನು ಕೊಡುತ್ತದೆ, ಏನನ್ನು ಕೊಡುವುದಿಲ್ಲ ಎಂಬುದನ್ನೂ ಹೇಳಬೇಕು. ಅದು ಎರಡು ಅರ್ಧಗಳು ಒಂದೇ ಕ್ಷಣಕ್ಕೆ ಸೇರಿದವೆಂಬ ಭರವಸೆಯನ್ನು ಕೊಡುತ್ತದೆ. ಆ ಕ್ಷಣವು ಈಗಿನದೆಂಬ ಭರವಸೆಯನ್ನು ಕೊಡುವುದಿಲ್ಲ. ಎಫ್1ರಲ್ಲಿ ಗಡಿಯಾರದ ಗರ್ಭವು ಒಂದು ಲೋಕ, ಪ್ರೊಸೆಸರು ಓದುವ ಬಸ್ಸಿನ ಕಡೆಯ ರಿಜಿಸ್ಟರುಗಳು ಇನ್ನೊಂದು ಲೋಕ. ಚಿಪ್ ನಿದ್ರಾವಸ್ಥೆಯಿಂದ ಎದ್ದಾಗ, ಅಥವಾ ಮರುಪ್ರಾರಂಭಗೊಂಡಾಗ, ಎರಡನೆಯದು ಮೊದಲನೆಯದನ್ನು ಇನ್ನೂ ನೋಡಿರುವುದಿಲ್ಲ. ಅಂತಹ ವೇಳೆಯಲ್ಲಿ ಓದಿದ ಬೆಲೆಗಳು ಕೆಟ್ಟಿರಬಹುದು, ಸಾಮಾನ್ಯವಾಗಿ ಸೊನ್ನೆಯೆಂದು ಓದಿಬರುತ್ತವೆ ಎಂದು ತಯಾರಕರ ಕೈಪಿಡಿಯೇ ಎಚ್ಚರಿಸುತ್ತದೆ. ಆರ್‌ಎಸ್‌ಎಫ್ ಎಂಬ ಬಿಟ್ಟನ್ನು ಅಳಿಸಿ, ಅದು ತಾನಾಗಿ ಮತ್ತೆ ಏಳುವವರೆಗೆ ಕಾಯುವುದೊಂದೇ ಇದಕ್ಕೆ ಪರಿಹಾರ. ಕಾಯದೆ ಓದಿದವನಿಗೆ ಮೇಲಂಕಿ ಎರಡು ಸಲವೂ ಸೊನ್ನೆಯೆಂದೇ ಬರುತ್ತದೆ. ಎರಡೂ ಸಮವಾದುದರಿಂದ ಮೂರು ಓದುಗಳ ಪರೀಕ್ಷೆ ತೃಪ್ತಿಯಿಂದ ತಲೆಯಾಡಿಸುತ್ತದೆ. ಹ್ಯಾಲ್‌ನಲ್ಲಿ ಈ ಕಾಯುವ ಕೆಲಸಕ್ಕೆ ಬೇರೆ ಒಂದು ಕ್ರಿಯೆ ಇದೆ, ಆರಂಭದ ಸಿದ್ಧತೆಯಲ್ಲಿ ಅದು ತಾನಾಗಿ ನಡೆಯುತ್ತದೆ. ನಿದ್ರೆಯಿಂದ ಎದ್ದ ಮೇಲೆ ಅದನ್ನು ಕರೆಯುವ ಹೊಣೆ ಬಳಸುವವನದು. ಕಾಲವನ್ನು ಓದುವ ಕ್ರಿಯೆಯ ಒಳಗೇ ಈ ಕಾಯುವಿಕೆ ಇರಬೇಕಾಗಿತ್ತೆಂದು ನನ್ನ ಮತ.

ಇದೇ ಉಪಾಯವನ್ನು ಸ್ಥಳ ನೋಡದೆ ಬೇರೆಡೆಗೆ ಕೊಂಡೊಯ್ಯುವವರ ವಿಷಯದಲ್ಲಿಯೂ ಒಂದು ಮಾತು. ನಾರ್ಡಿಕ್‌ನವರ ಎನ್‌ಆರ್‌ಎಫ್52 ಚಿಪ್ಪುಗಳ ಕೌಂಟರು 24 ಬಿಟ್‌ಗಳದು. ಅದು ಭಾಗಿಸದ 32,768ರ ಗತಿಯಲ್ಲಿ ನಡೆದರೆ 512 ಸೆಕೆಂಡುಗಳಿಗೊಮ್ಮೆ ಹೊರಳುತ್ತದೆ. ಹೊರಳಿದಾಗ ಇಂಟರಪ್ಟ್ ಬಂದು, ಮೆಮೊರಿಯಲ್ಲಿರುವ ಮೇಲಂಕಿಗೆ ಒಂದನ್ನು ಕೂಡಿಸಬೇಕು. ಇಲ್ಲಿಯೂ ಮೇಲಂಕಿ, ಕೆಳಗಿನಂಕಿ, ಮತ್ತೆ ಮೇಲಂಕಿ ಎಂದು ಓದಿ ಸಮಾಧಾನಪಡುವವರನ್ನು ಕಾಣುತ್ತೇವೆ. ಎಫ್1ರಲ್ಲಿ ಎರಡು ಅರ್ಧಗಳನ್ನೂ ಯಂತ್ರವೇ ಒಟ್ಟಿಗೆ ಬದಲಾಯಿಸುತ್ತಿತ್ತು; ಇಲ್ಲಿ ಕೆಳಗಿನದನ್ನು ಯಂತ್ರ ಬದಲಾಯಿಸುತ್ತದೆ, ಮೇಲಿನದನ್ನು ಪ್ರೋಗ್ರಾಮು ಬದಲಾಯಿಸಬೇಕು. ಓದುವವನು ಆ ಇಂಟರಪ್ಟಿಗಿಂತ ಮೇಲ್ತರದ ಇಂಟರಪ್ಟಿನಲ್ಲಿದ್ದರೆ ಅದು ಬಾಗಿಲಲ್ಲಿಯೇ ನಿಂತಿರುತ್ತದೆ, ಮೇಲಂಕಿ ಎರಡು ಸಲವೂ ಹಳೆಯದೇ, ಕೆಳಗಿನಂಕಿ ಮಾತ್ರ ಹೊಸದು; ಕಾಲ 512 ಸೆಕೆಂಡು ಹಿಂದಕ್ಕೆ ಹೋಗುತ್ತದೆ, ಪರೀಕ್ಷೆಗೆ ಏನೂ ತಿಳಿಯುವುದಿಲ್ಲ. ಅಲ್ಲಿ ಹೊರಳಿಕೆಯ ಗುರುತು ಎದ್ದಿದೆಯೇ, ಎದ್ದಿದ್ದು ಕೆಳಗಿನಂಕಿ ಚಿಕ್ಕದಾಗಿದೆಯೇ ಎಂಬುದನ್ನು ಓದುವವನೇ ಪರೀಕ್ಷಿಸಿ, ಮೇಲಂಕಿಗೆ ಒಂದನ್ನು ತಾನೇ ಕೂಡಿಸಿಕೊಳ್ಳದೆ ಗತ್ಯಂತರವಿಲ್ಲ.

ಈ ಸಂದರ್ಭದಲ್ಲಿ ನಾನು ಸಹವಿಮರ್ಶಕರೊಡನೆ ಜಗಳವಾಡಬೇಕಾಗಿದೆ. ಇಂಟರಪ್ಟುಗಳನ್ನು ಮುಚ್ಚಿ ಓದಿದರೆ ಎಲ್ಲ ಸರಿಹೋಗುತ್ತದೆ ಎನ್ನತಕ್ಕವರು ಒಂದು ಪಂಗಡ. ಇಂಟರಪ್ಟುಗಳನ್ನು ಮುಚ್ಚಿದರೆ ಪ್ರೋಗ್ರಾಮು ನಿಂತೀತು, ಸ್ಫಟಿಕ ನಿಲ್ಲುವುದಿಲ್ಲ. ಎರಡು ಓದುಗಳ ನಡುವಣ ಬಿರುಕು ಕಿರಿದಾಯಿತೇ ಹೊರತು ಮುಚ್ಚಿಹೋಗಲಿಲ್ಲ. ಬಿರುಕು ಒಂದು ಮೈಕ್ರೋಸೆಕೆಂಡಿಗೂ ಕಡಮೆ, ಹೊರಳುವಿಕೆ ವರ್ಷಕ್ಕೆ ಸುಮಾರು 481 ಸಲ ಮಾತ್ರ, ಆದುದರಿಂದ ಈ ಅಪಾಯ ಗಣನೆಗೆ ಬಾರದು ಎಂದು ಸಂಭಾವ್ಯತೆಯ ಲೆಕ್ಕವನ್ನು ಮುಂದಿಡುವವರು ಎರಡನೆಯ ಪಂಗಡ, ಮತ್ತು ಇವರ ಮಾತಿಗೆ ವಿದ್ವತ್ತಿನ ಮೆರುಗಿರುವುದರಿಂದ ಹೆಚ್ಚು ಅಪಾಯಕಾರಿಗಳು. ಓದುವ ಕ್ಷಣವು ಯಾದೃಚ್ಛಿಕವಾಗಿದ್ದರೆ ಅವರ ಲೆಕ್ಕ ಸರಿಯೇ. ಆದರೆ ಅದು ಹಾಗಿಲ್ಲವಲ್ಲ! ಗಡಿಯಾರವನ್ನು ಓದುವವರಲ್ಲಿ ಬಹುಮಂದಿ ಸೆಕೆಂಡಿನ ಇಂಟರಪ್ಟಿನಲ್ಲಿಯೇ ಓದುತ್ತಾರೆ. ಎಫ್1ರಲ್ಲಿ ಸೆಕೆಂಡಿನ ಆ ಗುರುತು ಏಳುವುದು ಕೌಂಟರು ಬದಲಾಗುವುದಕ್ಕೆ ಗಡಿಯಾರದ ಒಂದು ಕಂಪನದಷ್ಟು ಮೊದಲು, ಎಂದರೆ ಸುಮಾರು 30.5 ಮೈಕ್ರೋಸೆಕೆಂಡು ಮೊದಲು, ಎಂದು ಕೈಪಿಡಿ ತಿಳಿಸುತ್ತದೆ. ಇಂಟರಪ್ಟಿಗೆ ಪ್ರವೇಶಿಸಿ, ಗುರುತನ್ನು ಅಳಿಸಿ, ಬೇರೆ ಒಂದೆರಡು ಚಿಲ್ಲರೆ ಕೆಲಸಗಳನ್ನು ಮುಗಿಸಿ ಕೌಂಟರನ್ನು ಓದುವ ಹೊತ್ತಿಗೆ ಆ 30 ಮೈಕ್ರೋಸೆಕೆಂಡುಗಳು ಕಳೆಯುವುದು ಅಸಂಭವವೇ? ಯಾವ ಪ್ರೋಗ್ರಾಮಿನಲ್ಲಿ ಈ ವಿಳಂಬವು ದುರ್ದೈವದಿಂದ ಸರಿಯಾಗಿ ಅಷ್ಟೇ ಆಗಿ ಬಿದ್ದಿರುತ್ತದೆಯೋ ಆ ಪ್ರೋಗ್ರಾಮು ಪ್ರತಿ ಸೆಕೆಂಡೂ ಬಿರುಕಿನ ಅಂಚಿನಲ್ಲಿಯೇ ಓದುತ್ತಿರುತ್ತದೆ, ಮತ್ತು ಅಂಕಿ ಹೊರಳುವ ಆ ಸೆಕೆಂಡಿನಲ್ಲಿಯೂ ಅಲ್ಲಿಯೇ ನಿಂತಿರುತ್ತದೆ. ಕೋಟಿಗೊಂದು ಎಂದು ಲೆಕ್ಕಹಾಕಿದ ಘಟನೆ ಅಂತಹ ಯಂತ್ರದಲ್ಲಿ ವಾರಕ್ಕೊಮ್ಮೆ ನಡೆದರೆ ಸಂಭಾವ್ಯತೆಯ ಶಾಸ್ತ್ರವನ್ನು ದೂರಿ ಫಲವಿಲ್ಲ. ಅದನ್ನು ಅನ್ವಯಿಸಿದವರು ಯಂತ್ರವನ್ನು ನೋಡಿರಲಿಲ್ಲ.

ಇನ್ನು ಪಂಚಾಂಗದ ವಿಚಾರ. ಎಫ್1ಕ್ಕೆ ತಾರೀಖು ಗೊತ್ತಿಲ್ಲ. ಆದರೆ ಅದೇ ತಯಾರಕರ ಮುಂದಿನ ವರ್ಗಗಳಿಗೆ ಗೊತ್ತು. ಎಲ್ಲ ವರ್ಗಗಳಿಗೂ ಒಂದೇ ಹೆಸರಿನ, ಒಂದೇ ವರಸೆಯ ಕ್ರಿಯೆಗಳು ಇರಬೇಕೆಂಬುದು ಹ್ಯಾಲ್‌ನ ಮೂಲ ಸಂಕಲ್ಪ. ಸಂಕಲ್ಪ ದೊಡ್ಡದೇ, ಒಂದು ಚಿಪ್ಪಿನಿಂದ ಇನ್ನೊಂದಕ್ಕೆ ಹೋಗುವವನ ಶ್ರಮವನ್ನು ಅದು ಬಹಳ ಮಟ್ಟಿಗೆ ತಗ್ಗಿಸಿದೆಯೆಂಬುದನ್ನು ಅಲ್ಲಗಳೆಯಲಾರೆ. ಆದರೆ ಎಫ್1ರ ಗಡಿಯಾರದಲ್ಲಿ ಈ ಏಕರೂಪತೆಗಾಗಿ ತೆತ್ತ ಬೆಲೆ ವಿಪರೀತವಾದುದು. ಕೌಂಟರಿನಲ್ಲಿ ದಿನದೊಳಗಣ ಸೆಕೆಂಡುಗಳನ್ನು ಮಾತ್ರ ಉಳಿಸಿ, ತಾರೀಖನ್ನು ಸಾಧಾರಣ ಮೆಮೊರಿಯಲ್ಲಿ ಇಡಲಾಗಿದೆ. ಬಟನ್ ಸೆಲ್ಲು ಕೌಂಟರನ್ನು ಕಾಪಾಡುತ್ತದೆ, ಮೆಮೊರಿಯನ್ನು ಕಾಪಾಡುವುದಿಲ್ಲ. ಸ್ಟ್ಯಾಂಡ್‌ಬೈ ಸ್ಥಿತಿಗೆ ಹೋಗಿ ಬಂದ ಯಂತ್ರಕ್ಕೆ ಗಂಟೆ ನೆನಪಿರುತ್ತದೆ, ದಿನ ಮರೆತಿರುತ್ತದೆ. ಈ ಇತಿಮಿತಿಗಳನ್ನೆಲ್ಲ ಲೈಬ್ರರಿಯ ಕಡತದ ತಲೆಯಲ್ಲಿಯೇ ಅಚ್ಚುಕಟ್ಟಾಗಿ ಬರೆದಿದ್ದಾರೆ: ತಾರೀಖನ್ನು ಬ್ಯಾಕಪ್ ರಿಜಿಸ್ಟರುಗಳಲ್ಲಿ ಉಳಿಸಿಕೊಳ್ಳುವ ಹೊಣೆ ಬಳಸುವವನದು, ಅಲಾರಂ ಒಂದು ದಿನದ ಎಲ್ಲೆಯನ್ನು ದಾಟದು ಎಂದು. ಪ್ರಾಮಾಣಿಕತೆ ಶ್ಲಾಘ್ಯ. ಆದರೆ ಈ ಅಲಾರಮಿನ ಮಾತನ್ನು ಕೇಳಿ ನನಗೆ ವಿಷಾದವಾಗುತ್ತದೆ. ಏಕೆಂದರೆ ಯಂತ್ರದ ಅಲಾರಂ ರಿಜಿಸ್ಟರೂ ಕೌಂಟರಿನಷ್ಟೇ 32 ಬಿಟ್‌ಗಳದು. ನೂರು ವರ್ಷಗಳಾಚೆಯ ಒಂದು ಸೆಕೆಂಡನ್ನು ಅದರಲ್ಲಿ ಬರೆದಿಟ್ಟರೆ ಆ ಸೆಕೆಂಡಿಗೆ ಸರಿಯಾಗಿ ಅದು ಎಚ್ಚರಿಸಬಲ್ಲುದು. ಹುಟ್ಟುವಾಗ ಬಂದಿದ್ದ ಶಕ್ತಿಯನ್ನು ಮೇಲಿನ ಪಂಚಾಂಗವು 24 ಗಂಟೆಗಳಿಗೆ ಕತ್ತರಿಸಿ ಹಾಕಿತು.

ಇದಕ್ಕಿಂತಲೂ ಗುರುತರವಾದ ಆಕ್ಷೇಪಣೆ ಇನ್ನೊಂದಿದೆ. ಹ್ಯಾಲ್‌ನಲ್ಲಿ ಕಾಲವನ್ನು ಓದುವ ಕ್ರಿಯೆ ಓದುವುದಷ್ಟನ್ನೇ ಮಾಡುವುದಿಲ್ಲ. ಕೌಂಟರಿನಲ್ಲಿ 24 ಗಂಟೆಗಳಿಗೆ ಮಿಕ್ಕ ಸೆಕೆಂಡುಗಳು ಕಂಡರೆ, ಕಳೆದ ದಿನಗಳನ್ನು ತಾರೀಖಿಗೆ ಕೂಡಿಸಿ, ಅಷ್ಟು ದಿನಗಳ ಸೆಕೆಂಡುಗಳನ್ನು ಕಳೆದು, ಉಳಿದುದನ್ನು ಕೌಂಟರಿಗೆ ಮರಳಿ ಬರೆಯುತ್ತದೆ. ನೋಡುವುದಕ್ಕೆಂದು ಹೋದವನು ಮುಳ್ಳನ್ನು ತಿರುಗಿಸಿ ಬರುತ್ತಾನೆ. ಅದರ ಪರಿಣಾಮವೇನೆಂಬುದನ್ನು ನೋಡೋಣ. ಕೌಂಟರಿಗೆ ಹೊಸ ಬೆಲೆಯನ್ನು ಬರೆದಾಗ ಪ್ರಿಸ್ಕೇಲರಿನ ಭಾಜಕವೂ ಹೊಸದಾಗಿ ತುಂಬಿಕೊಳ್ಳುತ್ತದೆ ಎಂಬುದು ಕೈಪಿಡಿಯ ಒಂದು ಮೂಲೆಯಲ್ಲಿರುವ ವಾಕ್ಯ. ಎಂದರೆ, ನಡೆಯುತ್ತಿದ್ದ ಸೆಕೆಂಡಿನ ಎಷ್ಟು ಭಾಗ ಕಳೆದಿತ್ತೋ ಅಷ್ಟೂ ನಷ್ಟ. ಸೆಕೆಂಡು ಮೊದಲಿನಿಂದ ಪ್ರಾರಂಭವಾಗುತ್ತದೆ. ಓದುವ ಕ್ಷಣ ಯಾದೃಚ್ಛಿಕವಾಗಿದ್ದರೆ ದಿನಕ್ಕೆ ಸರಾಸರಿ ಅರ್ಧ ಸೆಕೆಂಡು ಹೋಗುತ್ತದೆ, ವರ್ಷಕ್ಕೆ ಮೂರು ನಿಮಿಷ. ಮೇಲೆ ಹೇಳಿದಂತೆ ಸೆಕೆಂಡಿನ ಇಂಟರಪ್ಟಿನಲ್ಲಿಯೇ, ಆ 30 ಮೈಕ್ರೋಸೆಕೆಂಡುಗಳ ಒಳಗಾಗಿ ಓದುವ ಚುರುಕಾದ ಪ್ರೋಗ್ರಾಮಿನ ಗತಿ ಇನ್ನೂ ಕಷ್ಟ: ಅದು ಓದುವುದು ಸೆಕೆಂಡು ಮುಗಿಯುವ ಅಂಚಿನಲ್ಲಾದುದರಿಂದ ಹೆಚ್ಚುಕಡಮೆ ಪೂರ್ತಿ ಒಂದು ಸೆಕೆಂಡನ್ನೇ ಪ್ರತಿ ಮಧ್ಯರಾತ್ರಿಯೂ ಕಳೆದುಕೊಳ್ಳುತ್ತದೆ. ಚುರುಕಿಗೆ ದಂಡ ತೆರಬೇಕಾದ ವ್ಯವಸ್ಥೆ ಇದು.

ಅಗ್ಗದ ಸ್ಫಟಿಕವೇ ಹತ್ತು ಲಕ್ಷಕ್ಕೆ 20 ಭಾಗದಷ್ಟು ತಪ್ಪಿದರೆ ದಿನಕ್ಕೆ 1.7 ಸೆಕೆಂಡು ಆಯಿತು, ಅದರ ಮುಂದೆ ಅರ್ಧ ಸೆಕೆಂಡೇನು ಮಹಾ ಎಂದು ಕೇಳಬಹುದು. ಸ್ಫಟಿಕದ ತಪ್ಪನ್ನು ಅಳೆಯಬಹುದು, ತಿದ್ದಬಹುದು. ಅದಕ್ಕಾಗಿಯೇ ಎಫ್1ರಲ್ಲಿ ಒಂದು ತಿದ್ದುಪಡಿಯ ರಿಜಿಸ್ಟರು ಇದೆ. 2ರ 20ನೆಯ ಘಾತದಷ್ಟು ಕಂಪನಗಳಿಗೆ ಎಷ್ಟನ್ನು ಬಿಟ್ಟುಬಿಡಬೇಕೆಂದು ಅದರಲ್ಲಿ 0ಯಿಂದ 127ರವರೆಗೆ ಹೇಳಬಹುದು, ಒಂದೊಂದು ಮೆಟ್ಟಿಲೂ ಹತ್ತು ಲಕ್ಷಕ್ಕೆ ಒಂದು ಭಾಗಕ್ಕಿಂತ ತುಸು ಕಡಮೆ. ಇಷ್ಟು ನಾಜೂಕಾದ ಸಾಧನವನ್ನು ಕೊಟ್ಟವರೇ, ಅದರ ಆರು ಮೆಟ್ಟಿಲುಗಳಿಗೆ ಸಮನಾದ ಕಾಲವನ್ನು, ಯಾವ ಹೊತ್ತಿನಲ್ಲಿ ಓದಿದರೆಂಬ ಆಕಸ್ಮಿಕಕ್ಕೆ ತಕ್ಕಂತೆ ಹೆಚ್ಚುಕಡಮೆಯಾಗುತ್ತ, ದಿನದಿನವೂ ಚೆಲ್ಲತಕ್ಕ ಲೈಬ್ರರಿಯನ್ನೂ ಕೊಟ್ಟಿದ್ದಾರೆ. ಆಕಸ್ಮಿಕವನ್ನು ತಿದ್ದುವ ರಿಜಿಸ್ಟರು ಯಾವ ಚಿಪ್ಪಿನಲ್ಲಿಯೂ ಇಲ್ಲ.

ಎಣಿಕೆಯ ಗಡಿಯಾರವನ್ನೇ ಬಿಟ್ಟು, ತಾರೀಖನ್ನು ತಾನೇ ಬಲ್ಲ ಗಡಿಯಾರಕ್ಕೆ ಹೋಗಿರೆಂಬುದು ಮೂರನೆಯ ಪಂಗಡದ ಉಪದೇಶ. ಇದು ಎಲ್ಲಕ್ಕಿಂತ ದೊಡ್ಡ ಪಂಗಡ. ಅಂತಹ ಗಡಿಯಾರಗಳಲ್ಲಿ, ಎರಡು ಕ್ಷಣಗಳ ಅಂಕಿಗಳು ಬೆರೆಯುವ ಹರಿದ ಓದಿನ ತೊಂದರೆ ಇಲ್ಲವೆಂದು ಅವರು ಭಾವಿಸಿರುವಂತಿದೆ. 1984ರ ಐಬಿಎಂ ಪಿಸಿ ಎಟಿಯಲ್ಲಿದ್ದ ಮೊಟೊರೋಲಾದ ಎಂಸಿ146818 ಚಿಪ್ ತಾರೀಖನ್ನು ಬಲ್ಲುದು; ಆದರೂ ಅದರಲ್ಲಿ ಅಂಕಿಗಳು ಬದಲಾಗುವುದಕ್ಕೆ 244 ಮೈಕ್ರೋಸೆಕೆಂಡು ಮೊದಲೇ ಎಚ್ಚರಿಕೆಯ ಒಂದು ಬಿಟ್ ಏಳುತ್ತಿತ್ತು, ಅದನ್ನು ನೋಡದೆ ಓದಿದವನಿಗೆ ಸೆಕೆಂಡು ನಿಮಿಷಗಳು ಬೇರೆ ಬೇರೆ ಕ್ಷಣಗಳವಾಗಿ ಬರುತ್ತಿದ್ದುವು. ಎರಡು ಅರ್ಧಗಳ ಬದಲು ಆರೇಳು ತುಂಡುಗಳು, ಅಷ್ಟೇ ವ್ಯತ್ಯಾಸ. ಎಸ್‌ಟಿಎಂ32 ಎಫ್4ರಲ್ಲಿ ಇದನ್ನು ತಪ್ಪಿಸಲೆಂದು, ಗಂಟೆಯ ರಿಜಿಸ್ಟರನ್ನು ಓದಿದೊಡನೆ ತಾರೀಖಿನ ರಿಜಿಸ್ಟರಿನ ನೆರಳುಪ್ರತಿಗೆ ಬೀಗ ಬೀಳುವಂತೆ ಮಾಡಿದ್ದಾರೆ; ತಾರೀಖನ್ನೂ ಓದಿದಾಗಲೇ ಬೀಗ ತೆರೆಯುವುದು. ಗಂಟೆ ಮಾತ್ರ ಸಾಕೆಂದು ತಾರೀಖನ್ನು ಓದದೆ ಬಿಟ್ಟವರು, ಗಡಿಯಾರ ನಿಂತುಹೋಯಿತೆಂದು ಗಾಬರಿಗೊಂಡು ಸಹಾಯ ಬೇಡುವುದು ಇಂದಿಗೂ ನಡೆಯುತ್ತಲೇ ಇದೆ. ಇಸವಿಗೆ ಎರಡೇ ಅಂಕಿಗಳು. ನಾಲ್ಕು ವರ್ಷಕ್ಕೊಮ್ಮೆ ಅಧಿಕ ದಿನವನ್ನು ಸೇರಿಸುವುದೊಂದೇ ಅದಕ್ಕೆ ಗೊತ್ತಿರುವ ಸೂತ್ರ, 2100 ಅಧಿಕ ವರ್ಷವಲ್ಲವೆಂಬುದು ಅದಕ್ಕೆ ತಿಳಿಯದು. ಎರಡು ಕಾಲಗಳ ಅಂತರವನ್ನು ತಿಳಿಯಬೇಕಾದರೆ ತಾರೀಖುಗಳನ್ನು ಒಡೆದು ಸೆಕೆಂಡುಗಳಾಗಿ ಮಾಡಲೇಬೇಕು, ಮತ್ತು ಯಂತ್ರವು ಕಾಲವನ್ನು ಕೇಳುವುದು ಬಹುಪಾಲು ಇಂತಹ ಅಂತರಕ್ಕಾಗಿಯೇ. ಗಡಿಯಾರ ಸೆಕೆಂಡುಗಳನ್ನು ಎಣಿಸಿ ತಾರೀಖಾಗಿ ಮಾಡಿತು, ಪ್ರೋಗ್ರಾಮು ಆ ತಾರೀಖನ್ನು ಮತ್ತೆ ಸೆಕೆಂಡುಗಳಾಗಿ ಮಾಡಿತು. ಈ ಪ್ರದಕ್ಷಿಣೆಗೆ ಪ್ರಗತಿಯೆಂಬ ಹೆಸರು ಸಲ್ಲದು.

ಬರಿಯ ಎಣಿಕೆಯನ್ನು ಅನಾಗರಿಕವೆಂದು ಬಗೆಯುವವರು ನಮ್ಮ ಜ್ಯೋತಿಷಶಾಸ್ತ್ರದ ಅಹರ್ಗಣವನ್ನು ಒಮ್ಮೆ ನೆನೆಯಬೇಕು. ಕಲ್ಯಾದಿಯಿಂದಾಗಲಿ ಬೇರೊಂದು ಆದಿಯಿಂದಾಗಲಿ ಕಳೆದ ದಿನಗಳ ಒಟ್ಟು ಸಂಖ್ಯೆಯನ್ನು ಮೊದಲು ತಿಳಿದು, ಗ್ರಹಗಳ ಮಧ್ಯಮಸ್ಥಾನ, ವಾರ, ಉಳಿದೆಲ್ಲವನ್ನೂ ಅದರಿಂದ ಸಾಧಿಸಿಕೊಳ್ಳುವುದು ಆ ಶಾಸ್ತ್ರದ ಪದ್ಧತಿ. ಎಣಿಕೆ ಒಂದೇ ಒಂದು, ಅದರಿಂದ ಹೊರಡುವ ವ್ಯಾಖ್ಯಾನಗಳು ಹಲವು. ನಂದಿಗ್ರಾಮದ ಗಣೇಶ ದೈವಜ್ಞನು 1520ರಿಂದ ಗಣನೆಯನ್ನು ಹಿಡಿದು ಗ್ರಹಲಾಘವವನ್ನು ರಚಿಸಿದಾಗ, ಈ ಸಂಖ್ಯೆ ದೊಡ್ಡದಾಗಿ ಲೆಕ್ಕಕ್ಕೆ ತೊಡಕಾಗುವುದೆಂದು ಕಂಡು, 11 ವರ್ಷಗಳಿಗೊಂದು ಚಕ್ರವನ್ನು ಕಟ್ಟಿ, 4016 ದಿನಗಳ ಆ ಚಕ್ರಗಳ ಸಂಖ್ಯೆಯನ್ನು ಬೇರೆಯಾಗಿಯೂ ಉಳಿದ ದಿನಗಳನ್ನು ಬೇರೆಯಾಗಿಯೂ ಇಟ್ಟನು. ಮೇಲಂಕಿ, ಕೆಳಗಿನಂಕಿ! ಸಿಎನ್‌ಟಿಎಚ್ ಮತ್ತು ಸಿಎನ್‌ಟಿಎಲ್‌ಗಳನ್ನು ನೋಡುವಾಗಲೆಲ್ಲ ನನಗೆ ಈ ವಿಭಾಗ ನೆನಪಿಗೆ ಬರುತ್ತದೆ. ತಿಥಿಯನ್ನು ಬರೆಯಬೇಕಾಗಿ ಬಂದಾಗಲೂ ಆತನು ಅಹರ್ಗಣವನ್ನು ಕತ್ತರಿಸಿ ಸೊನ್ನೆಮಾಡಲಿಲ್ಲ. ನಮ್ಮ ಕೌಂಟರಿಗೂ ಇದೇ ಮರ್ಯಾದೆ ಸಲ್ಲಬೇಕು: ಅದು ಎಣಿಸುತ್ತಲೇ ಇರಲಿ, ಭಾರತೀಯ ಕಾಲಮಾನ ಬೇಕಾದವನು ಓದಿದ ಮೇಲೆ 19,800 ಸೆಕೆಂಡುಗಳನ್ನು ಕೂಡಿಸಿಕೊಳ್ಳಲಿ, ಗ್ರೆಗೋರಿಯನ್ ತಾರೀಖು ಬೇಕಾದವನು 400 ವರ್ಷಗಳಿಗೆ 1,46,097 ದಿನಗಳೆಂಬ ಆವರ್ತವನ್ನು ಹಿಡಿದು, ವರ್ಷವನ್ನು ಮಾರ್ಚಿಯಿಂದ ಆರಂಭಿಸಿ ಅಧಿಕ ದಿನವನ್ನು ವರ್ಷಾಂತ್ಯಕ್ಕೆ ತಳ್ಳಿ, ಕೆಲವೇ ಭಾಗಾಕಾರಗಳಿಂದ ಅದನ್ನು ಪಡೆಯಲಿ. ಈ ಲೆಕ್ಕದಲ್ಲಿ ಲೂಪ್ ಬೇಕಿಲ್ಲ, ತಿಂಗಳುಗಳ ಕೋಷ್ಟಕವೂ ಬೇಕಿಲ್ಲ.

ಗಡಿಯಾರವನ್ನು ಸರಿಪಡಿಸಬೇಕಾಗಿ ಬಂದಾಗ ಏನು ಮಾಡುವುದೆಂಬ ಪ್ರಶ್ನೆ ಉಳಿಯಿತು. ಉಪಗ್ರಹದಿಂದಲೋ ಮೊಬೈಲ್ ಜಾಲದಿಂದಲೋ ನಿಜವಾದ ಕಾಲ ತಿಳಿದಾಗ ಕೌಂಟರಿಗೆ ಅದನ್ನು ಬರೆಯಬೇಕೆಂಬುದು ಸಾಮಾನ್ಯ ರೂಢಿ. ಬರೆಯುವುದಕ್ಕೂ ವಿಧಿಯುಂಟು: ಹಿಂದಿನ ಬರೆಹ ಮುಗಿದಿದೆಯೆಂದು ಆರ್‌ಟಿಒಎಫ್‌ಎಫ್ ಬಿಟ್ ಸೂಚಿಸುವವರೆಗೆ ಕಾಯಬೇಕು, ಸಿಎನ್‌ಎಫ್ ಬಿಟ್ಟನ್ನು ಎತ್ತಬೇಕು, ಎರಡು ಅರ್ಧಗಳನ್ನೂ ಬರೆಯಬೇಕು, ಸಿಎನ್‌ಎಫ್ ಅನ್ನು ಇಳಿಸಬೇಕು, ಮತ್ತೆ ಕಾಯಬೇಕು, ಬರೆದುದು ಒಳಗೆ ಹೋಗಿ ನಾಟಲು ಗಡಿಯಾರದ ಕನಿಷ್ಠ ಮೂರು ಕಂಪನಗಳು ಬೇಕು. ನನ್ನ ಸಲಹೆ, ಯಂತ್ರದ ಜೀವಮಾನದಲ್ಲಿ ಒಮ್ಮೆ ಮಾತ್ರ ಈ ವಿಧಿಯನ್ನು ನಡೆಸಿ, ಆಮೇಲಿನ ತಿದ್ದುಪಡಿಗಳನ್ನೆಲ್ಲ ಕೌಂಟರಿಗೂ ನಿಜವಾದ ಕಾಲಕ್ಕೂ ಇರುವ ಅಂತರವೆಂದು ಬ್ಯಾಕಪ್ ರಿಜಿಸ್ಟರುಗಳಲ್ಲಿ ಇಡಬೇಕೆಂಬುದು. ಆಗ ಎರಡು ಘಟನೆಗಳ ನಡುವಣ ಅವಧಿ ಯಾವ ತಿದ್ದುಪಡಿಯಿಂದಲೂ ಕದಡುವುದಿಲ್ಲ, ಸೆಕೆಂಡಿನ ಭಿನ್ನಾಂಶವೂ ನಷ್ಟವಾಗುವುದಿಲ್ಲ.

ಆದರೆ ಅಂತರವೂ 32 ಬಿಟ್‌ಗಳದು, ಬ್ಯಾಕಪ್ ರಿಜಿಸ್ಟರು 16 ಬಿಟ್‌ಗಳದು. ಮೊದಲ ಅರ್ಧವನ್ನು ಬರೆದು ಎರಡನೆಯದನ್ನು ಬರೆಯುವುದರೊಳಗೆ ಯಂತ್ರ ಮರುಪ್ರಾರಂಭಗೊಂಡರೆ ಹಳೆಯ ಅರ್ಧ, ಹೊಸ ಅರ್ಧಗಳ ಬೆರಕೆಯೇ ಶಾಶ್ವತವಾಗಿ ನಿಲ್ಲುತ್ತದೆ. ಓದಿನಲ್ಲಿ ಕಂಡ ಬಿರುಕು ಇಲ್ಲಿ ಬರೆಹದಲ್ಲಿ ತಲೆಯೆತ್ತುತ್ತದೆ, ಇಲ್ಲಿ ಮೂರು ಓದುಗಳ ಉಪಾಯ ನಡೆಯದು. ಅಂತರಕ್ಕೆ ಎರಡು ಪ್ರತಿಗಳನ್ನು ಇಟ್ಟು, ಪ್ರತಿಯೊಂದಕ್ಕೂ ಒಂದು ಕ್ರಮಸಂಖ್ಯೆಯನ್ನು ಕೊಡಬೇಕು. ಹೊಸ ಅಂತರವನ್ನು ಯಾವಾಗಲೂ ಹಳೆಯ ಪ್ರತಿಯ ಮೇಲೆಯೇ ಬರೆದು, ಎರಡು ಅರ್ಧಗಳೂ ಮುಗಿದ ಮೇಲೆ ಕೊನೆಗೆ ಕ್ರಮಸಂಖ್ಯೆಯನ್ನು ಏರಿಸಬೇಕು. ಎಚ್ಚೆತ್ತಾಗ ಹೆಚ್ಚಿನ ಕ್ರಮಸಂಖ್ಯೆಯ ಪ್ರತಿಯನ್ನೇ ನಂಬಬೇಕು. ನಡುವೆ ಮುರಿದುಬಿದ್ದ ಬರೆಹಕ್ಕೆ ಹಳೆಯ ಕ್ರಮಸಂಖ್ಯೆಯೇ ಉಳಿದಿರುವುದರಿಂದ ಅದನ್ನು ಯಾರೂ ನೋಡುವುದಿಲ್ಲ. ಇದಕ್ಕೆ ಬೇಕಾದುದು ಆರು ರಿಜಿಸ್ಟರುಗಳು. ಬ್ಲೂ ಪಿಲ್ಲಿನಲ್ಲಿರುವ ಮಧ್ಯಮ ಗಾತ್ರದ ಎಫ್103ರಲ್ಲಿ ಹತ್ತು ಇವೆ; ಉಳಿದ ನಾಲ್ಕು ಪ್ರೋಗ್ರಾಮಿನ ಬೇರೆ ಕೆಲಸಗಳಿಗೆ ಮಿಗುತ್ತವೆ.